ಹಳೆಯ ಬೀಟಲ್‌ಗೆ ಹೊರಗಿನಿಂದ ಆಯಿಲ್ ಫಿಲ್ಟರ್: ಲಾಭವೇನು, ಅಪಾಯವೆಲ್ಲಿ?

ಫೋಕ್ಸ್‌ವ್ಯಾಗನ್ ಬೀಟಲ್ ಕಾರನ್ನು ಕಂಡು ಒಮ್ಮೆ ತಿರುಗಿ ನೋಡದವರು ವಿರಳ. ಜರ್ಮನಿಯಲ್ಲಿ ಎರಡನೇ ಮಹಾಯುದ್ಧಕ್ಕೆ ಮೊದಲು ರೂಪುಗೊಂಡ ಈ ಪುಟ್ಟ ಕಾರಿನ ತಯಾರಿಕೆ ಕೊನೆಗೊಂಡದ್ದು 2003ರ ಜುಲೈ 30ರಂದು, ಮೆಕ್ಸಿಕೊದ ಪ್ಯೂಬ್ಲಾ ಕಾರ್ಖಾನೆಯಲ್ಲಿ. ಅಷ್ಟರಲ್ಲಿ 2 ಕೋಟಿ 15 ಲಕ್ಷಕ್ಕೂ ಹೆಚ್ಚು ಬೀಟಲ್‌ಗಳು ರಸ್ತೆಗಿಳಿದಿದ್ದವು. ಇಷ್ಟೊಂದು ಜನಪ್ರಿಯವಾದ ಕಾರಿನ ಎಂಜಿನ್‌ನಲ್ಲಿ ಬಹುಕಾಲ ಒಂದು ಸಾಮಾನ್ಯ ಬಿಡಿಭಾಗವೇ ಇರಲಿಲ್ಲವೆಂದರೆ ಅಚ್ಚರಿಯಾಗಬಹುದು. ಅದೇ ಆಯಿಲ್ ಫಿಲ್ಟರ್.

ಈ ಕೊರತೆಯನ್ನು ತುಂಬಲು ಜಗತ್ತಿನಾದ್ಯಂತ ಬೀಟಲ್ ಪ್ರಿಯರು ದಶಕಗಳಿಂದ ಒಂದು ಉಪಾಯವನ್ನು ಅನುಸರಿಸುತ್ತಿದ್ದಾರೆ. ಎಂಜಿನ್‌ನಿಂದ ಎಣ್ಣೆಯನ್ನು ಹೋಸ್ ಮೂಲಕ ಹೊರಕ್ಕೆ ತಂದು, ಬೇರೆಡೆ ಕೂರಿಸಿದ ಫಿಲ್ಟರ್‌ನಲ್ಲಿ ಸೋಸಿ, ಮತ್ತೊಂದು ಹೋಸ್ ಮೂಲಕ ಎಂಜಿನ್‌ಗೆ ಮರಳಿಸುವುದು. ಮೂತ್ರಪಿಂಡ ಸೋತ ರೋಗಿಯ ರಕ್ತವನ್ನು ಡಯಾಲಿಸಿಸ್ ಯಂತ್ರ ಹೊರಗೆ ಶುದ್ಧೀಕರಿಸುವಂತೆಯೇ ಇದು. ಸರಿಯಾಗಿ ಮಾಡಿದರೆ ಎಂಜಿನ್‌ನ ಆಯುಷ್ಯ ಹೆಚ್ಚುತ್ತದೆ. ತಪ್ಪಿದರೆ, ಅದೇ ಫಿಲ್ಟರ್ ಕೆಲವೇ ಕ್ಷಣಗಳಲ್ಲಿ ಎಂಜಿನ್‌ನ ಅಂತ್ಯಕ್ಕೂ ಕಾರಣವಾಗಬಲ್ಲದು.

ಫಿಲ್ಟರ್ ಏಕಿರಲಿಲ್ಲ?

ಕಾರುಗಳಿಗೆ ಆಯಿಲ್ ಫಿಲ್ಟರ್ ಎಂಬುದು ಬೀಟಲ್‌ಗಿಂತ ಹಳೆಯ ಸಂಗತಿ. 1923ರಲ್ಲೇ ಅಮೆರಿಕದಲ್ಲಿ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ 'ಪ್ಯೂರೊಲೇಟರ್' ಎಂಬ ಫಿಲ್ಟರ್ ರೂಪಿಸಿದ್ದರು. ನಮ್ಮ ರಸ್ತೆಗಳಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮೆರೆದ ಅಂಬಾಸಿಡರ್ ಕಾರಿನ 1489 ಸಿಸಿ ಪೆಟ್ರೋಲ್ ಎಂಜಿನ್‌ಗೂ ಫಿಲ್ಟರ್ ಇತ್ತು.

ಬೀಟಲ್‌ನ ಕಥೆ ಬೇರೆ. 990 ರೈಕ್ಸ್‌ಮಾರ್ಕ್ ಬೆಲೆಯಲ್ಲಿ ಜನಸಾಮಾನ್ಯರ ಕೈಗೆಟುಕಬೇಕೆಂಬ ಗುರಿಯೊಂದಿಗೆ ಫರ್ಡಿನಾಂಡ್ ಪೋರ್ಷೆ ಅವರ ತಂಡ ಇದನ್ನು ವಿನ್ಯಾಸಗೊಳಿಸಿತ್ತು. ಅನಿವಾರ್ಯವಲ್ಲದ್ದೆಲ್ಲವನ್ನೂ ಕೈಬಿಡಲಾಗಿತ್ತು. ರೇಡಿಯೇಟರ್ ಇಲ್ಲ, ನೀರು ಇಲ್ಲ. ಕಾರಿನ ಹಿಂಭಾಗದಲ್ಲಿರುವ ನಾಲ್ಕು ಸಿಲಿಂಡರ್‌ಗಳ ಎಂಜಿನ್ ಗಾಳಿಯಿಂದಲೇ ತಂಪಾಗುತ್ತದೆ. ಎಂಜಿನ್‌ಗೆ ಬೇಕಾಗುವ ಕೀಲೆಣ್ಣೆ ಕೇವಲ ಎರಡೂವರೆ ಲೀಟರ್. ಅದನ್ನು ಸೋಸಲು ತಳದಲ್ಲೊಂದು ತಂತಿಯ ಜಾಲರಿ, ಅಷ್ಟೆ.

ಈ ಜಾಲರಿ ದೊಡ್ಡ ಕಸವನ್ನು ತಡೆಯುತ್ತದೆಯೇ ಹೊರತು ಸೂಕ್ಷ್ಮ ಕಣಗಳನ್ನಲ್ಲ. ಚಹಾ ಸೋಸುವ ಜರಡಿಯಲ್ಲಿ ಹಿಟ್ಟು ನಿಲ್ಲದಿರುವಂತೆ ಮಸಿ, ಧೂಳು, ಸವೆದ ಲೋಹದ ಪುಡಿ ಇದರಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಕಾರ್ಖಾನೆ ಸೂಚಿಸಿದ್ದ ಪರಿಹಾರ ಸರಳವಾಗಿತ್ತು: ಪ್ರತಿ 3,000 ಮೈಲಿಗೆ, ಅಂದರೆ ಸುಮಾರು 5,000 ಕಿ.ಮೀ.ಗೆ ಒಮ್ಮೆ ಎಣ್ಣೆ ಬದಲಿಸಿ, ಜಾಲರಿ ತೊಳೆಯಿರಿ. ಫಿಲ್ಟರ್ ಮಾಡಬೇಕಾದ ಕೆಲಸವನ್ನು ಮಾಲೀಕನ ಶಿಸ್ತು ಮಾಡುತ್ತಿತ್ತು. 1990ರ ದಶಕದಲ್ಲಿ ಮೆಕ್ಸಿಕೊದಲ್ಲಿ ತಯಾರಾದ ಇಂಧನ ಇಂಜೆಕ್ಷನ್ ಮಾದರಿಗಳಿಗೆ ಮಾತ್ರ ಕಾರ್ಖಾನೆಯೇ ಫಿಲ್ಟರ್ ಒದಗಿಸಿತು.

ಸೂಕ್ಷ್ಮ ಕಣ, ದೊಡ್ಡ ಹಾನಿ

ಎಂಜಿನ್‌ನ ಕ್ರ್ಯಾಂಕ್‌ಶಾಫ್ಟ್ ತಿರುಗುವುದು ಬೇರಿಂಗ್‌ಗಳ ಮೇಲಲ್ಲ, ಬೇರಿಂಗ್‌ಗೂ ಶಾಫ್ಟ್‌ಗೂ ನಡುವಿನ ಎಣ್ಣೆಯ ತೆಳುಪದರದ ಮೇಲೆ. ಈ ಎರಡರ ನಡುವಿನ ಅಂತರ ಒಂದು ತಲೆಗೂದಲಿನ ದಪ್ಪದಷ್ಟು. ಓಡುವಾಗ ಭಾರ ಬೀಳುವ ಕಡೆ ಎಣ್ಣೆಯ ಪದರ ಅದಕ್ಕಿಂತಲೂ ಬಹಳ ತೆಳ್ಳಗಾಗುತ್ತದೆ. ಆ ಪದರದಷ್ಟೇ ಗಾತ್ರದ ಗಟ್ಟಿ ಕಣವೊಂದು ನಡುವೆ ಸಿಕ್ಕಿದರೆ ಅದು ಉಜ್ಜುಕಾಗದದಂತೆ ವರ್ತಿಸುತ್ತದೆ. ಸವೆತದಿಂದ ಅಂತರ ಹೆಚ್ಚುತ್ತದೆ, ಅಂತರ ಹೆಚ್ಚಿದಂತೆ ಎಣ್ಣೆಯ ಒತ್ತಡ ಕುಸಿಯುತ್ತದೆ, ಒತ್ತಡ ಕುಸಿದಂತೆ ಸವೆತ ಮತ್ತಷ್ಟು ವೇಗ ಪಡೆಯುತ್ತದೆ.

ಇಂದಿನ ಎಂಜಿನ್ ಆಯಿಲ್‌ಗಳ ಗುಣವೂ ಇಲ್ಲಿ ಗಮನಾರ್ಹ. ಹಳೆಯ ಕಾಲದ ಎಣ್ಣೆಯಲ್ಲಿ ಕೊಳೆ ಕ್ರಮೇಣ ತಳದಲ್ಲಿ ಕೂರುತ್ತಿತ್ತು. ಈಗಿನ ಎಣ್ಣೆಗಳಲ್ಲಿ ಕೊಳೆಯನ್ನು ತೇಲಿಸಿಟ್ಟುಕೊಳ್ಳುವ ರಾಸಾಯನಿಕಗಳಿರುತ್ತವೆ. ತೇಲುವ ಕೊಳೆಯನ್ನು ಹಿಡಿದಿಡಲು ಫಿಲ್ಟರ್ ಇದ್ದರೆ ಇದು ವರ. ಇಲ್ಲದಿದ್ದರೆ ಎಣ್ಣೆ ಬದಲಿಸುವ ತನಕ ಆ ಕೊಳೆ ಬೇರಿಂಗ್‌ಗಳ ಮೂಲಕ ಸುತ್ತುತ್ತಲೇ ಇರುತ್ತದೆ.

ಎಣ್ಣೆಯ ಹೊಸ ದಾರಿ

ಮೂಲ ಬೀಟಲ್ ಎಂಜಿನ್‌ನಲ್ಲಿ ಎಣ್ಣೆಯ ಪ್ರಯಾಣ ಪೂರ್ತಿ ಒಳಗೊಳಗೇ ನಡೆಯುತ್ತದೆ. ತಳದ ಜಾಲರಿಯಿಂದ ಎಣ್ಣೆಯನ್ನು ಪಂಪ್ ಹೀರುತ್ತದೆ. ಅಲ್ಲಿಂದ ಒತ್ತಡ ನಿಯಂತ್ರಿಸುವ ಕವಾಟ ಹಾಗೂ ಆಯಿಲ್ ಕೂಲರ್ ದಾಟಿ, ಎಂಜಿನ್ ಕವಚದೊಳಗೆ ಕೊರೆದ ಮುಖ್ಯ ನಾಳದ ಮೂಲಕ ಬೇರಿಂಗ್‌ಗಳಿಗೆ ತಲುಪುತ್ತದೆ.

ಹೊರಗಿನ ಫಿಲ್ಟರ್ ಅಳವಡಿಸುವಾಗ ಈ ದಾರಿಯನ್ನು ಪಂಪ್ ಬಳಿಯೇ ತುಂಡರಿಸಲಾಗುತ್ತದೆ. ಇದಕ್ಕೆ ಮೂರು ಬದಲಾವಣೆ ಅಗತ್ಯ. ಮೊದಲನೆಯದಾಗಿ, ಪಂಪ್‌ನ ಹೊರ ಮುಚ್ಚಳವನ್ನು ತೆಗೆದು ಎಣ್ಣೆ ಹೊರಬರಲು ದ್ವಾರವಿರುವ ಮುಚ್ಚಳ ಹಾಕಬೇಕು. ಎರಡನೆಯದಾಗಿ, ಪಂಪ್‌ನಿಂದ ಎಂಜಿನ್‌ಗೆ ಹೋಗುತ್ತಿದ್ದ ಮೂಲ ದ್ವಾರಕ್ಕೆ ಬಿರಡೆ ಹಾಕಿ ಭದ್ರಪಡಿಸಬೇಕು. ಮೂರನೆಯದಾಗಿ, ಫಿಲ್ಟರ್‌ನಿಂದ ಮರಳುವ ಎಣ್ಣೆಗಾಗಿ ಎಂಜಿನ್ ಕವಚದ ನಾಳಕ್ಕೆ ರಂಧ್ರ ಕೊರೆದು ಥ್ರೆಡ್ ಹಾಕಬೇಕು.

ಎರಡನೆಯ ಹಂತವನ್ನು ಮರೆಯುವವರಿದ್ದಾರೆ. ಮೂಲ ದ್ವಾರ ತೆರೆದೇ ಇದ್ದರೆ ಎಣ್ಣೆ ಸುಲಭದ ದಾರಿಯನ್ನೇ ಹಿಡಿಯುತ್ತದೆ. ಫಿಲ್ಟರ್ ಕಣ್ಣಿಗೆ ಕಾಣಿಸುತ್ತದೆ, ಆದರೆ ಬಹುಪಾಲು ಎಣ್ಣೆ ಅದರ ಕಡೆ ಸುಳಿಯುವುದೇ ಇಲ್ಲ.

ಕವಚ ಕೊರೆಯುವುದನ್ನು ತಪ್ಪಿಸಲು ಒಂದೇ ಮುಚ್ಚಳದಲ್ಲಿ ನಿರ್ಗಮನ ಮತ್ತು ಆಗಮನ ಎರಡೂ ದ್ವಾರಗಳಿರುವ ಮಾದರಿಗಳೂ ಮಾರುಕಟ್ಟೆಯಲ್ಲಿವೆ. ಫಿಲ್ಟರ್ ಅನ್ನೇ ಮುಚ್ಚಳಕ್ಕೆ ನೇತುಹಾಕುವ ವ್ಯವಸ್ಥೆಯೂ ಇದೆ. ಮೊದಲನೆಯದರಲ್ಲಿ ಕಿರಿದಾದ ಜಾಗದಲ್ಲಿ ಎಣ್ಣೆ ಎರಡು ಬಾರಿ ತಿರುಗಬೇಕಾಗುವುದರಿಂದ ಹರಿವಿಗೆ ಅಡ್ಡಿ ಹೆಚ್ಚು. ಎರಡನೆಯದರಲ್ಲಿ ಫಿಲ್ಟರ್ ಸೈಲೆನ್ಸರ್‌ಗೆ ಸಮೀಪದಲ್ಲಿ, ನೆಲಕ್ಕೆ ತಗ್ಗಾಗಿ ಉಳಿಯುತ್ತದೆ. ಕವಚ ಕೊರೆದು ಫಿಲ್ಟರ್ ಅನ್ನು ದೂರದಲ್ಲಿ ಕೂರಿಸುವ ಕ್ರಮ ಹೆಚ್ಚು ಶ್ರಮದ್ದಾದರೂ ಅದಕ್ಕೇ ಒಲವು ಹೆಚ್ಚಿರುವುದು ಈ ಕಾರಣದಿಂದ.

ಕೊರೆಯುವ ಮುನ್ನ ಯೋಚಿಸಿ

ಇಡೀ ಕೆಲಸದಲ್ಲಿ ಅತ್ಯಂತ ಅಪಾಯಕಾರಿ ಘಟ್ಟವೆಂದರೆ ಕವಚ ಕೊರೆಯುವುದು. ಬೀಟಲ್ ಎಂಜಿನ್‌ನ ಕವಚ ಮೆಗ್ನೀಸಿಯಂ ಮಿಶ್ರಲೋಹದ್ದು. ಹಗುರ, ಆದರೆ ಮೆದು. ಕೊರೆಯುವಾಗ ಉದುರುವ ಚೂರುಗಳು ನೇರವಾಗಿ ಎಣ್ಣೆಯ ನಾಳಕ್ಕೇ ಬೀಳುತ್ತವೆ. ಜೋಡಿಸಿದ ಎಂಜಿನ್‌ನಲ್ಲಿ ಅವನ್ನು ಪೂರ್ತಿಯಾಗಿ ಹೊರತೆಗೆಯುವುದು ಅಸಾಧ್ಯವೆಂದೇ ಹೇಳಬೇಕು. ಡ್ರಿಲ್‌ಗೆ ಗ್ರೀಸ್ ಸವರಿದರೆ ಚೂರುಗಳು ಅಂಟಿಕೊಂಡು ಹೊರಬರುತ್ತವೆ ಎಂಬ ಭರವಸೆಯ ಮೇಲೆ ಕೆಲಸಕ್ಕಿಳಿಯುವವರುಂಟು. ಉಳಿದ ಒಂದೇ ಒಂದು ಚೂರು ಬೇರಿಂಗ್ ತಲುಪಿದರೆ, ಬೇರಿಂಗ್ ಉಳಿಸಲೆಂದು ಮಾಡಿದ ಕೆಲಸವೇ ಅದನ್ನು ಹಾಳುಮಾಡಿದಂತಾಗುತ್ತದೆ. ಏಕೆಂದರೆ ಈ ಚೂರುಗಳು ಬೀಳುವುದು ಫಿಲ್ಟರ್ ದಾಟಿದ ನಂತರದ ನಾಳದಲ್ಲಿ. ಅವನ್ನು ತಡೆಯಲು ಮುಂದೆ ಯಾವ ಸೋಸುವಿಕೆಯೂ ಇಲ್ಲ.

ಆದ್ದರಿಂದ ಎಂಜಿನ್ ಪೂರ್ತಿ ಬಿಚ್ಚಿ, ಕವಚದ ಎರಡು ಹೋಳುಗಳನ್ನು ಬೇರ್ಪಡಿಸಿದಾಗ ಮಾತ್ರ ಈ ಕೆಲಸ ಮಾಡುವುದು ವಿವೇಕ. ಕೊರೆದ ಬಳಿಕ ಎಲ್ಲ ನಾಳಗಳನ್ನೂ ಬ್ರಷ್ ಹಾಕಿ ತೊಳೆದು, ಗಾಳಿ ಹೊಡೆದು ಪರಿಶೀಲಿಸಬೇಕು. ಇಲ್ಲಿ ಬಳಸುವ ಥ್ರೆಡ್ ಸಾಮಾನ್ಯವಾಗಿ ತುದಿಗೆ ಸಾಗಿದಂತೆ ಕಿರಿದಾಗುವ ಪೈಪ್ ಥ್ರೆಡ್ ಆಗಿರುತ್ತದೆ. ಬಿಗಿದಷ್ಟೂ ಅದು ಬೆಣೆಯಂತೆ ಕವಚವನ್ನು ಅಗಲಿಸುತ್ತದೆ. 'ಇನ್ನೊಂದು ಸುತ್ತು ಇರಲಿ' ಎಂದು ಬಿಗಿಯಲು ಹೋಗಿ ಕವಚ ಬಿರುಕು ಬಿಟ್ಟರೆ ಸರಿಪಡಿಸುವುದು ಕಷ್ಟ.

ಭಾರತದ ಮಾಲೀಕರಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಬೀಟಲ್‌ನ ಎಂಜಿನ್ ಸಂಖ್ಯೆ ಅಚ್ಚಾಗಿರುವುದು ಇದೇ ಕವಚದ ಮೇಲೆ, ಮತ್ತು ಆ ಸಂಖ್ಯೆ ವಾಹನದ ನೋಂದಣಿ ಪತ್ರದಲ್ಲೂ ಇರುತ್ತದೆ. ಕವಚವೇ ಬದಲಾದರೆ ದಾಖಲೆಯ ಪ್ರಶ್ನೆಯೂ ಏಳುತ್ತದೆ. ಮೇಲಾಗಿ, ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, 50 ವರ್ಷ ಮೀರಿದ, ಮೂಲರೂಪದಲ್ಲಿ ಉಳಿದಿರುವ, ಗಣನೀಯ ಮಾರ್ಪಾಡಿಗೆ ಒಳಗಾಗದ ವಾಹನಗಳಿಗೆ ವಿಂಟೇಜ್ ಮಾನ್ಯತೆ ಹಾಗೂ 'ವಿಎ' ಸರಣಿಯ ನೋಂದಣಿ ಸಂಖ್ಯೆ ದೊರೆಯುತ್ತದೆ. ಹೋಸ್, ಫಿಲ್ಟರ್ ಮುಂತಾದವನ್ನು ಬೇಕೆಂದಾಗ ಬಿಚ್ಚಿಡಬಹುದು. ಕೊರೆದ ರಂಧ್ರವನ್ನು ಬಿಚ್ಚಿಡಲಾಗದು. ಮಾನ್ಯತೆಗೆ ಅರ್ಜಿ ಸಲ್ಲಿಸುವ ಇಚ್ಛೆಯಿರುವವರು ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಿ ಮುಂದುವರಿಯುವುದು, ತೆಗೆದ ಮೂಲ ಭಾಗಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಲೇಸು.

ಫಿಲ್ಟರ್ ಎಲ್ಲಿ ಕೂರಬೇಕು?

ಜಾಗದ ಆಯ್ಕೆಗೆ ಮೂರು ನಿಯಮಗಳಿವೆ: ಬಿಸಿಯಿಂದ ದೂರ, ಕಲ್ಲಿನಿಂದ ದೂರ, ಕೈಗೆ ಹತ್ತಿರ. ಸೈಲೆನ್ಸರ್ ಹಾಗೂ ಬಿಸಿಗಾಳಿಯ ಪೆಟ್ಟಿಗೆಗಳ ಪಕ್ಕ ಫಿಲ್ಟರ್ ಇಡಬಾರದು. ಚಕ್ರಗಳು ಎರಚುವ ಕಲ್ಲು ತಾಗುವಂತೆ ಅಥವಾ ಎಂಜಿನ್ ತಳಕ್ಕಿಂತ ಕೆಳಗೆ ನೇತಾಡುವಂತೆಯೂ ಇರಬಾರದು. ಹಂಪ್ ದಾಟುವಾಗ ಮೊದಲು ತಾಗುವುದು ಅತ್ಯಂತ ಕೆಳಗಿರುವ ಭಾಗ ಎಂಬುದನ್ನು ನೆನಪಿಡಬೇಕು. ಬಹುತೇಕರು ಎಂಜಿನ್ ಪಕ್ಕದಲ್ಲಿ, ಹಿಂಬದಿ ಮಡ್‌ಗಾರ್ಡ್‌ನ ಒಳಮಗ್ಗುಲಲ್ಲಿ ರಕ್ಷಿತವಾದ ಜಾಗವನ್ನು ಆರಿಸುತ್ತಾರೆ.

ಸಾಧ್ಯವಾದರೆ ಫಿಲ್ಟರ್‌ನ ಬಾಯಿ ಮೇಲ್ಮುಖವಾಗಿರಬೇಕು. ಆಗ ಎಂಜಿನ್ ನಿಂತಾಗಲೂ ಎಣ್ಣೆ ಅದರೊಳಗೇ ಉಳಿದು, ಮರುದಿನ ಬೆಳಗ್ಗೆ ಚಾಲೂ ಮಾಡಿದೊಡನೆ ಬೇರಿಂಗ್‌ಗೆ ತಲುಪುತ್ತದೆ. ಬಾಯಿ ಅಡ್ಡಲಾಗಿ ಇಡುವುದಾದರೆ ಎಣ್ಣೆ ಹಿಂದಕ್ಕೆ ಹರಿಯದಂತೆ ತಡೆಯುವ ರಬ್ಬರ್ ಕವಾಟವಿರುವ ಫಿಲ್ಟರ್ ಅನ್ನೇ ಆರಿಸಬೇಕು.

ಜೀವ ಇರುವುದು ಹೋಸ್‌ನಲ್ಲಿ

ಫಿಲ್ಟರ್ ಅಗ್ಗವಾದರೂ ನಡೆದೀತು, ಹೋಸ್ ಅಗ್ಗವಾದರೆ ನಡೆಯದು. ಓಡುವ ಕಾರಿನಲ್ಲಿ ಎಂಜಿನ್‌ನ ಎಣ್ಣೆಯೆಲ್ಲವೂ ಈ ಎರಡು ಕೊಳವೆಗಳ ಮೂಲಕವೇ ಸಾಗುತ್ತದೆ. ಒಂದು ಒಡೆದರೆ ಎರಡೂವರೆ ಲೀಟರ್ ಎಣ್ಣೆ ರಸ್ತೆಗೆ ಸುರಿಯಲು ಒಂದು ನಿಮಿಷವೂ ಬೇಕಾಗದು. ಚಾಲಕ ದೀಪ ನೋಡಿ ಎಂಜಿನ್ ಆರಿಸುವಷ್ಟರಲ್ಲಿ ಬೇರಿಂಗ್‌ಗಳು ಒಣಗಿರುತ್ತವೆ. ಚಿಮ್ಮಿದ ಎಣ್ಣೆ ಸೈಲೆನ್ಸರ್ ಮೇಲೆ ಬಿದ್ದರೆ ಬೆಂಕಿಯ ಭಯವೂ ಇದೆ.

ಪೆಟ್ರೋಲ್ ಪೈಪ್ ಅಥವಾ ರೇಡಿಯೇಟರ್‌ಗೆ ಬಳಸುವ ರಬ್ಬರ್ ಕೊಳವೆ ಇದಕ್ಕೆ ಸಲ್ಲದು. ಬಿಸಿ ಎಣ್ಣೆಯನ್ನೂ ಒತ್ತಡವನ್ನೂ ತಾಳುವ, ಒಳಗೆ ತಂತಿ ಅಥವಾ ನೂಲಿನ ಹೆಣಿಗೆಯಿರುವ ಹೈಡ್ರಾಲಿಕ್ ಹೋಸ್ ಬೇಕು. ಒಳವ್ಯಾಸ ಅರ್ಧ ಇಂಚಿನಷ್ಟಿದ್ದರೆ ಹರಿವಿಗೆ ಅಡ್ಡಿಯಾಗದು. ತುದಿಗಳಿಗೆ ತಿರುಪಿನ ಕ್ಲಿಪ್ ಬಿಗಿಯುವ ಬದಲು ಯಂತ್ರದಲ್ಲಿ ಒತ್ತಿಸಿದ ಲೋಹದ ಜೋಡಣೆ ಹಾಕಿಸುವುದು ಸುರಕ್ಷಿತ. ಜೆಸಿಬಿ ಮತ್ತು ಟ್ರ್ಯಾಕ್ಟರ್‌ಗಳಿಗೆ ಅಳತೆಗೆ ತಕ್ಕಂತೆ ಹೋಸ್ ಮಾಡಿಕೊಡುವ ಅಂಗಡಿಗಳಲ್ಲಿ ಈ ಕೆಲಸ ಸುಲಭವಾಗಿ ಆಗುತ್ತದೆ.

ಎಂಜಿನ್ ರಬ್ಬರ್ ಆಧಾರಗಳ ಮೇಲೆ ಅಲುಗಾಡುತ್ತದೆ, ಫಿಲ್ಟರ್ ಕೂತಿರುವ ಬಾಡಿ ಅಲುಗಾಡುವುದಿಲ್ಲ. ಹಾಗಾಗಿ ಹೋಸ್‌ಗಳಿಗೆ ಸ್ವಲ್ಪ ಸಡಿಲ ಇರಲೇಬೇಕು. ಹಾಗೆಂದು ಚೂಪಾದ ತಗಡಿನ ಅಂಚಿಗೆ ಉಜ್ಜುವಂತೆ ಬಿಡಬಾರದು. ದಿನವೂ ಒಂದಿಷ್ಟು ಉಜ್ಜಿದರೂ ಒಂದು ದಿನ ತೂತಾಗುವುದು ಖಚಿತ.

ದಿಕ್ಕು ತಪ್ಪಿದರೆ

ತಿರುಗಿಸಿ ಕೂರಿಸುವ ಡಬ್ಬಿ ಫಿಲ್ಟರ್‌ನ ಬಾಯಿಯಲ್ಲಿ ಸುತ್ತಲೂ ಸಣ್ಣ ರಂಧ್ರಗಳೂ ನಡುವೆ ಥ್ರೆಡ್ ಇರುವ ದೊಡ್ಡ ರಂಧ್ರವೂ ಇರುತ್ತವೆ. ಎಣ್ಣೆ ಒಳಹೋಗುವುದು ಸುತ್ತಲಿನ ರಂಧ್ರಗಳಿಂದ, ಹೊರಬರುವುದು ನಡುವಿನ ರಂಧ್ರದಿಂದ. ಫಿಲ್ಟರ್ ಕೂರಿಸುವ ಲೋಹದ ತಲೆಯ ಮೇಲೆ ಸಾಮಾನ್ಯವಾಗಿ ಒಳ-ಹೊರ ಗುರುತುಗಳಿರುತ್ತವೆ. ಎರಡು ಹೋಸ್‌ಗಳು ಅದಲುಬದಲಾದರೆ ಹಿಮ್ಮುಖ ಹರಿವನ್ನು ತಡೆಯಲೆಂದೇ ಇರುವ ರಬ್ಬರ್ ಕವಾಟ ಎಣ್ಣೆಗೆ ಅಡ್ಡ ನಿಲ್ಲುತ್ತದೆ. ಮೂಲ ದ್ವಾರಕ್ಕೆ ಬಿರಡೆ ಬಿದ್ದಿರುವುದರಿಂದ ಎಣ್ಣೆಗೆ ಬೇರೆ ದಾರಿಯೂ ಇಲ್ಲ. ಹೊಸ ಫಿಲ್ಟರ್ ಹಾಕಿದ ದಿನವೇ ಎಂಜಿನ್ ಕೆಡುವುದಕ್ಕೆ ಇಷ್ಟು ಸಾಕು.

ಮತ್ತೊಂದು ಅಂಶ ತಣ್ಣಗಿರುವ ಎಣ್ಣೆಯದು. ಕಾರಿನ ಮೂಲ ಒತ್ತಡ ನಿಯಂತ್ರಕ ಕವಾಟ ಎಂಜಿನ್ ಕವಚದಲ್ಲಿದೆ. ಈಗ ಫಿಲ್ಟರ್ ಮತ್ತು ಹೋಸ್‌ಗಳು ಪಂಪ್‌ಗೂ ಆ ಕವಾಟಕ್ಕೂ ನಡುವೆ ಬಂದಿವೆ. ಎಣ್ಣೆ ತಣ್ಣಗೆ ದಪ್ಪಗಿರುವಾಗ ಎಂಜಿನ್ ಜೋರಾಗಿ ಓಡಿಸಿದರೆ ಪಂಪ್ ಹಾಗೂ ಫಿಲ್ಟರ್ ನಡುವೆ ಒತ್ತಡ ಏರುತ್ತದೆ, ಅದನ್ನು ಇಳಿಸಲು ಅಲ್ಲಿ ಕವಾಟವಿಲ್ಲ. ಫಿಲ್ಟರ್‌ನ ರಬ್ಬರ್ ಬಳೆ ಹೊರಚಿಮ್ಮುವುದು ಇಂಥ ಹೊತ್ತಿನಲ್ಲೇ. ತನ್ನದೇ ಕವಾಟವಿರುವ ಪಂಪ್ ಮುಚ್ಚಳಗಳು ಇದಕ್ಕೆ ಪರಿಹಾರ. ಬೆಂಗಳೂರಿನ ಡಿಸೆಂಬರ್ ಮುಂಜಾವು ಜರ್ಮನಿಯ ಹಿಮಗಾಲಕ್ಕೆ ಸಮನಲ್ಲ, ನಿಜ. ಆದರೂ ಅಗತ್ಯಕ್ಕಿಂತ ದಪ್ಪನೆಯ ಎಣ್ಣೆ ಬಳಸದಿರುವುದು ಹಾಗೂ ಮೊದಲ ಕೆಲವು ನಿಮಿಷ ಆಕ್ಸಿಲರೇಟರ್ ಒತ್ತದಿರುವುದು ಎಲ್ಲೆಡೆಯೂ ಒಳ್ಳೆಯ ಅಭ್ಯಾಸವೇ.

ಮೊದಲ ಚಾಲನೆ

ಜೋಡಣೆ ಮುಗಿದೊಡನೆ ಕೀಲಿ ತಿರುಗಿಸಿ ಎಂಜಿನ್ ಚಾಲೂ ಮಾಡುವುದು ಸರಿಯಲ್ಲ. ಫಿಲ್ಟರ್‌ನ ಬಾಯಿ ಮೇಲ್ಮುಖವಾಗಿದ್ದರೆ ಮೊದಲೇ ಅದಕ್ಕೆ ಎಣ್ಣೆ ತುಂಬಬೇಕು. ರಬ್ಬರ್ ಬಳೆಗೆ ತೆಳುವಾಗಿ ಎಣ್ಣೆ ಸವರಿ, ಕೈಯಿಂದಲೇ ಬಿಗಿಯಬೇಕು. ಇಗ್ನಿಷನ್ ಕಾಯಿಲ್‌ನ ತಂತಿ ಬಿಚ್ಚಿ, ಕಿಡಿ ಬಾರದಂತೆ ಮಾಡಿ, ಆಯಿಲ್ ದೀಪ ಆರುವವರೆಗೆ ಸ್ಟಾರ್ಟರ್‌ನಿಂದ ಬಿಟ್ಟುಬಿಟ್ಟು ತಿರುಗಿಸಬೇಕು. ದೀಪ ಆರಿತೆಂದರೆ ಒತ್ತಡ ಮೂಡಿತೆಂದರ್ಥ. ಆರದಿದ್ದರೆ ಅಲ್ಲಿಗೇ ನಿಲ್ಲಿಸಿ, ಹೋಸ್‌ಗಳ ದಿಕ್ಕನ್ನು ಮರುಪರಿಶೀಲಿಸಬೇಕು.

ಆನಂತರ ಎಂಜಿನ್ ಚಾಲೂ ಮಾಡಿ ಪ್ರತಿ ಜೋಡಣೆಯನ್ನೂ ಟಾರ್ಚ್ ಹಿಡಿದು ನೋಡಬೇಕು. ಎಂಜಿನ್ ಬಿಸಿಯಾದ ಮೇಲೆ ಮತ್ತೊಮ್ಮೆ ನೋಡಬೇಕು. ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಎಣ್ಣೆಯ ಮಟ್ಟ ಅಳೆದರೆ ಅದು ಇಳಿದಿರುತ್ತದೆ. ಫಿಲ್ಟರ್ ಮತ್ತು ಹೋಸ್‌ಗಳು ತಮ್ಮ ಪಾಲನ್ನು ತೆಗೆದುಕೊಂಡಿರುತ್ತವೆ. ಅಳತೆ ಕಡ್ಡಿಯ ಮೇಲಿನ ಗೆರೆ ಮುಟ್ಟುವಷ್ಟು ಮಾತ್ರ ಎಣ್ಣೆ ಸೇರಿಸಬೇಕು. ಡ್ಯಾಶ್‌ಬೋರ್ಡ್‌ನ ದೀಪ ಒತ್ತಡ ತೀರಾ ಕುಸಿದ ಮೇಲಷ್ಟೇ ಹೊತ್ತುತ್ತದೆ. ಆದ್ದರಿಂದ ಈ ಮಾರ್ಪಾಡಿನ ಜೊತೆಗೆ ಒತ್ತಡ ಮಾಪಕವೊಂದನ್ನು ಅಳವಡಿಸುವುದು ಅಪೇಕ್ಷಣೀಯ.

ಮುಂದೆ ಫಿಲ್ಟರ್ ಬದಲಿಸುವಾಗಲೂ ಒಂದು ಎಚ್ಚರ ಬೇಕು. ಹಳೆಯ ರಬ್ಬರ್ ಬಳೆ ಕೆಲವೊಮ್ಮೆ ಲೋಹದ ತಲೆಗೇ ಅಂಟಿಕೊಂಡಿರುತ್ತದೆ. ಅದನ್ನು ಗಮನಿಸದೆ ಹೊಸದನ್ನು ಕೂರಿಸಿದರೆ ಎರಡು ಬಳೆಗಳ ನಡುವಿನಿಂದ ಎಣ್ಣೆ ಚಿಮ್ಮುತ್ತದೆ. ಇನ್ನು ತಳದ ಜಾಲರಿಯ ಕೆಲಸ ಮುಗಿಯಿತೆಂದು ಭಾವಿಸುವಂತಿಲ್ಲ. ಅದು ಪಂಪ್ ಅನ್ನು ಕಾಯುತ್ತದೆ, ಫಿಲ್ಟರ್ ಬೇರಿಂಗ್‌ಗಳನ್ನು ಕಾಯುತ್ತದೆ.

ಯಾರಿಗೆ ಬೇಕು, ಯಾರಿಗೆ ಬೇಡ?

ಎಂಜಿನ್ ಆರೋಗ್ಯವಾಗಿದ್ದು, ಕಾರು ತಿಂಗಳಿಗೊಮ್ಮೆ ಮಾತ್ರ ಹೊರಬೀಳುವುದಾದರೆ ಹೊರಗಿನ ಫಿಲ್ಟರ್‌ಗಾಗಿ ಅದನ್ನು ಬಿಚ್ಚುವ ಅಗತ್ಯವಿಲ್ಲ. 5,000 ಕಿ.ಮೀ. ಆಗುವವರೆಗೂ ಕಾಯದೆ ವರ್ಷಕ್ಕೊಮ್ಮೆಯಾದರೂ ಎಣ್ಣೆ ಬದಲಿಸಿ, ಜಾಲರಿ ತೊಳೆದು, ಗಾಳಿಯ ಫಿಲ್ಟರ್ ಸ್ವಚ್ಛವಾಗಿಟ್ಟರೆ ಸಾಕು. ಕಾರ್ಖಾನೆಯ ಮೂಲ ಲೆಕ್ಕಾಚಾರ ಇಂದಿಗೂ ಸುಳ್ಳಾಗಿಲ್ಲ.

ಕಾರನ್ನು ದೂರದ ಊರುಗಳಿಗೆ ಓಡಿಸುವವರು, ಧೂಳಿನ ರಸ್ತೆಯಲ್ಲಿ ಬಳಸುವವರು ಎಂಜಿನ್ ಹೇಗೂ ಪೂರ್ಣ ದುರಸ್ತಿಗೆ ಬಂದಾಗ ಈ ಅವಕಾಶವನ್ನು ಬಳಸಿಕೊಳ್ಳಬಹುದು. ಆಗ ಕವಚ ತೆರೆದೇ ಇರುತ್ತದೆ, ತೊಳೆಯುವುದು ಸುಲಭ, ಹೊಸ ಬೇರಿಂಗ್‌ಗಳು ಮೊದಲ ದಿನದಿಂದಲೇ ಶುದ್ಧ ಎಣ್ಣೆ ಕಾಣುತ್ತವೆ. ಆ ಬಳಿಕ ಎಣ್ಣೆ ಬದಲಿಸುವಾಗಲೆಲ್ಲ ಹೋಸ್‌ಗಳನ್ನು ಉದ್ದಕ್ಕೂ ಕೈಯಾಡಿಸಿ ನೋಡುವ ರೂಢಿಯನ್ನು ತಪ್ಪದೆ ಇಟ್ಟುಕೊಳ್ಳಬೇಕು. ಉಬ್ಬು, ಬಿರುಕು, ಉಜ್ಜಿದ ಗುರುತು ಕಂಡರೆ ಮುಂದಿನ ಸರ್ವಿಸ್‌ವರೆಗೆ ಕಾಯದೆ ಅಂದೇ ಹೋಸ್ ಬದಲಿಸುವುದು ಕ್ಷೇಮ.